ಬಿಲದ ಮೂರನೆಯ ಬಾಯಿ

ಹೆಗ್ಗಣಪ್ಪನೂ ಅವನ ಹೆಂಡತಿ ಹೆಗ್ಗಣಮ್ಮನೂ ಬೇರೆಯಾಗಬೇಕೆಂದು ನ್ಯಾಯಾಧೀಶನಾದ ಆಮೆಯ ಮುಂದೆ ನಿಂತರು. ಕೂಡಿಟ್ಟ ಕಡಲೆಕಾಯಿ ಎಲ್ಲೆಲ್ಲಿದೆ ಹೇಳಿ, ಪಾಲು ಮಾಡುತ್ತೇನೆ ಎಂದಿತು ಆಮೆ.

"ನಮ್ಮ ಬಿಲಕ್ಕೆ ಎರಡೇ ಬಾಯಿ, ಸ್ವಾಮಿ. ಒಳಗೆ ಸಿಪ್ಪೆ ಬಿಟ್ಟರೆ ಬೇರೇನಿಲ್ಲ" ಎಂದು ಹೆಗ್ಗಣಪ್ಪ ಮಣ್ಣು ಮುಟ್ಟಿ ಆಣೆಯಿಟ್ಟ.

"ಮೂರು ಬಾಯಿ" ಎಂದಳು ಹೆಗ್ಗಣಮ್ಮ. "ಬೇಲಿ ಬುಡದ್ದನ್ನು ಇವರು ಮೊನ್ನೆ ಮುಚ್ಚಿದ್ದಾರೆ. ಅಗೆಸಿ ನೋಡಿ."

ಹೆಗ್ಗಣಪ್ಪ ಅವಳ ಕಿವಿಯಲ್ಲಿ ಉಸುರಿದ: "ಅಗೆಯುವ ಮುಳ್ಳುಹಂದಿಗೆ ಎರಡು ಬುಟ್ಟಿ ಕೂಲಿ ಕೊಡಬೇಕು. ನಿನ್ನ ಹತ್ತಿರ ಒಂದು ಕಾಳೂ ಇಲ್ಲ. ಸುಮ್ಮನೆ ರಾಜಿಯಾಗು."

ಅವಳು ಆಮೆಯತ್ತ ತಿರುಗಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಆ ಬಾಯಿ ತೋಡಿದ್ದು ನನ್ನ ಉಗುರು. ಉಪವಾಸ ಬಿದ್ದರೂ ಸರಿ, ಅಗೆಸಿ ಸ್ವಾಮಿ!"

ಮುಳ್ಳುಹಂದಿ ಅಗೆಯಿತು. ಮೊಳದಾಳದಲ್ಲೇ ಕಡಲೆಕಾಯಿಯ ರಾಶಿ ಗಲಗಲನೆ ಜಾರಿ ಬಂತು. ಹೆಗ್ಗಣಪ್ಪ ನಾಚಲಿಲ್ಲ. "ಅಗೆಸಿದ್ದು ಅವಳು. ಕೂಲಿಯೂ ಅವಳ ಪಾಲಿನಿಂದಲೇ ಹೋಗಲಿ" ಎಂದ.

ಆಮೆ ಕತ್ತು ಹೊರಚಾಚಿತು. "ನೀನು ಬಾಯಿ ಬಿಟ್ಟಿದ್ದರೆ ಬಿಲದ ಬಾಯಿ ಅಗೆಸಬೇಕಿತ್ತೇನು? ರಾಶಿ ಇಬ್ಬರಿಗೂ ಸಮ. ಕೂಲಿಯಷ್ಟೂ ನಿನ್ನ ಪಾಲಿನಿಂದ."

ಹೆಗ್ಗಣಪ್ಪ ಹೆಂಡತಿಯತ್ತ ತಿರುಗಿ ಹಲ್ಲುಗಿಂಜಿದ. "ಒಂದು ಬುಟ್ಟಿಯಾದರೂ ನೀನು ಕೊಡೇ."

ಅಷ್ಟು ವರ್ಷ ಅವನನ್ನು 'ಇವರು' ಎಂದೇ ಕರೆದಿದ್ದವಳು ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಮುಚ್ಚುವಾಗ ನನ್ನನ್ನು ಕೇಳಿದ್ದೆಯೇನೋ?"