ಅಕ್ಕನಿಗೆ ಕುಡಿಸಿದ ಕಷಾಯ

ಹೊಳೆದಂಡೆಯ ಆಶ್ರಮದ ಗುರುಗಳು ಹಿಂದೆ ಡಾಕ್ಟರಾಗಿದ್ದವರು. ಅವರ ಶಿಷ್ಯ ಹಾಲೇಶನಿಗೆ ಕಷಾಯದ ಹುಚ್ಚು. ಯಾರಾದರೂ ಸೀನಿದರೆ ಸಾಕು, ಲೋಟ ಹಿಡಿದು ನಿಂತುಬಿಡುತ್ತಿದ್ದ.

ಅಕ್ಕ ಕೊಟ್ರಮ್ಮನನ್ನು ನೋಡಲೆಂದು ಊರಿಗೆ ಹೋದವನು ಎರಡು ತಿಂಗಳ ಮೇಲೆ ಅಳುತ್ತಾ ಬಂದ.

“ಗುರುಗಳೇ, ಅಕ್ಕನ ಮೂತ್ರಪಿಂಡ ಕೆಟ್ಟಿವೆಯಂತೆ. ರೋಗಾಣು ಯಾವುದೂ ಇಲ್ಲವಂತೆ. ಮೈ ಕಾಯೋ ಬಿಳಿ ರಕ್ತಕಣಗಳೇ ಅವಳ ಮೇಲೆ ಬಿದ್ದಿವೆ ಅಂತಾರೆ.”

“ನೀನೇನು ಮಾಡಿದೆ?”

“ಆಸ್ಪತ್ರೆಯ ಮಾತ್ರೆ ಆ ಕಣಗಳ ಶಕ್ತಿ ಕುಗ್ಗಿಸುತ್ತೆ ಅಂದರು. ಹೆದರಿ ನಿಲ್ಲಿಸಿಬಿಟ್ಟೆ. ಶಕ್ತಿ ಹೆಚ್ಚಲಿ ಅಂತ ಮೂರು ಹೊತ್ತೂ ಕಷಾಯ ಕೊಟ್ಟೆ. ಈಗ ಮೈಯೆಲ್ಲ ಬಾತುಕೊಂಡಿದೆ.”

ಗುರುಗಳ ಮುಖ ಕಪ್ಪಿಟ್ಟಿತು. ಅವನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹಾಲೇಶ ಬಗ್ಗಿ ಉಫ್ ಉಫ್ ಎಂದು ಊದಿದ. ಗುರುಗಳು ಉರಿಯುವ ಕೊಳ್ಳಿ ಹಿರಿದರು. ಹಾಲು ಇಳಿಯಿತು.

“ಮೈಯೊಳಗೂ ಹೀಗೇ. ಕಾಯೋ ಕಣಗಳಲ್ಲೇ ಕೆಲವು ಒಂದು ಕಿಣ್ವ ಮಾಡ್ತವೆ. ಕಾದಾಡೋ ಕಣಗಳಿಗೆ ಬೇಕಾದ ಸತ್ವವನ್ನ ಅದು ಒಡೆದು ಹಾಕುತ್ತೆ. ಉಣ್ಣೋಕೆ ಸಿಗದೆ ಅವು ತಣ್ಣಗಾಗ್ತವೆ. ಮೈ ತನ್ನನ್ನ ತಾನು ಸಹಿಸಿಕೊಂಡಿರೋದಕ್ಕೆ ಇಂಥ ಅಂಕೆ ಹಲವಾರಿವೆ.”

“ಅಕ್ಕನಿಗೆ?”

“ಆ ಅಂಕೆ ತಪ್ಪಿದೆ. ಒಳಗೆ ಆಗದ ಕೆಲಸವನ್ನ ಮಾತ್ರೆ ಮಾಡ್ತಿತ್ತು.”

“ಮತ್ತೆ ನಾನು?”

“ಕೊಳ್ಳಿ ಹಿರಿಯೋ ಕೈಯನ್ನ ತಡೆದೆ. ಮೇಲೆ ಸೌದೆ ಒಟ್ಟಿದೆ.”

ಹಾಲೇಶ ನಿಂತ ಕಾಲಲ್ಲೇ ಊರಿಗೆ ಓಡಿದ. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ. ಮಾತ್ರೆ ಮತ್ತೆ ಶುರುವಾಯಿತು. ಹನ್ನೊಂದನೆಯ ದಿನ ಕೊಟ್ರಮ್ಮ ತೀರಿಕೊಂಡಳು.

ಮಣ್ಣು ಮಾಡಿ ಬಂದವನು ಹೊಳೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಗುರುಗಳು ಬಂದು ಪಕ್ಕದಲ್ಲಿ ಕೂತರು.

“ಅಕ್ಕ ‘ಸಾಕು ಕಣೋ ತಮ್ಮಾ, ಒಲ್ಲೆ’ ಅಂತಿದ್ದಳು. ನಾನೇ ತಲೆ ಒತ್ತಿ ಹಿಡಿದು ಕುಡಿಸಿದೆ.”

ಹಾಲೇಶ ಗುರುಗಳ ಕಡೆ ತಿರುಗಿದ.

“ಸಾಯಲಿ ಅಂತ ಕುಡಿಸಿದೆನೇ? ಅವಳು ಉಳೀಲಿ ಅಂತ ತಾನೇ? ಅದನ್ನಾದರೂ ಲೆಕ್ಕಕ್ಕೆ ತಗೊಳ್ಳಿ, ಗುರುಗಳೇ.”

ನಿನ್ನ ತಪ್ಪೇನಿಲ್ಲ ಎಂದು ಒಂದು ಸುಳ್ಳು ಹೇಳಿಬಿಡುವ ಆಸೆ ಗುರುಗಳಿಗಾಯಿತು. ಹೇಳಲಿಲ್ಲ.

“ಹಾಲೇಶ, ಅವಳ ಮೇಲೆ ಬಿದ್ದ ಆ ಕಣಗಳೂ ಅವಳನ್ನ ಕಾಯ್ತಿದ್ದೇವೆ ಅಂತಲೇ ತಿಳಿದಿದ್ದವು.”