ತೋರಿಸು ಎಂದವನು

ಶಿಷ್ಯ ಸಂಗಮೇಶ ಕೇಳಿದ: "ಗುರುಗಳೇ, ಕೈ ಎತ್ತದೆ ಬರೀ ಮಾತಾಡಿದವನಿಗೂ ಪಾಪ ತಟ್ಟುತ್ತದೆಯೇ?"

ಗುರುಗಳು ದಣಿದ ದನಿಯಲ್ಲಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಔಷಧಿ ವ್ಯಾಪಾರಿ ಇದ್ದ. ಅವನ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲು ಹಿಡಿದು ಕೂರುತ್ತಿದ್ದ. ಅದರಲ್ಲೊಂದು ಗುಂಪಿತ್ತು. ಅನ್ಯಾಯವಾಯಿತೆಂದು ನೊಂದವರೆಲ್ಲ ಅಲ್ಲಿ ತಮ್ಮ ಗೋಳು ಬರೆಯುತ್ತಿದ್ದರು. ವ್ಯಾಪಾರಿ ಅಲ್ಲಿ ಬೇರೆ ಹೆಸರಿಟ್ಟುಕೊಂಡಿದ್ದ.

ಅದೇ ಊರಿನ ಒಬ್ಬ ಬಸ್ ಚಾಲಕನೂ ಆ ಗುಂಪಿಗೆ ಸೇರಿದ. ಇವನದು ಸ್ವಂತ ಹೆಸರು, ಸ್ವಂತ ಮುಖ. ಪ್ರಯಾಣಿಕರೊಬ್ಬರ ದೂರಿನಿಂದ ಅವನ ಕೆಲಸ ಹೋಗಿತ್ತು. ತನ್ನ ತಪ್ಪಿಲ್ಲವೆಂದು ದಿನವೂ ಬರೆದ. ಮೊದಮೊದಲು ಮೇಲಧಿಕಾರಿಯನ್ನು ಬೈದ. ಬರಬರುತ್ತ ಊರನ್ನೇ ಬೈಯತೊಡಗಿದ. ಬೈದಷ್ಟೂ ಮೆಚ್ಚುವವರು ಹೆಚ್ಚಿದರು.

ಒಂದು ದಿನ ವ್ಯಾಪಾರಿ, "ನನ್ನ ಅಂಗಡಿಗೆ ಬಾರಪ್ಪ, ಕೂತು ಮಾತಾಡೋಣ" ಎಂದು ಬರೆದ. ಕಳಿಸುವ ಮುಂಚೆ ಅದು ಸಪ್ಪೆ ಎನಿಸಿತು. ಅಳಿಸಿ, "ನೀನು ಯಾರೆಂದು ಈ ಊರಿಗೆ ಒಮ್ಮೆ ತೋರಿಸು" ಎಂದು ಕಳಿಸಿದ. ನೂರಾರು ಜನ ಭೇಷ್ ಎಂದರು. ಅವನಿಗೆ ಹಿತವಾಯಿತು. ಮರುದಿನವೂ ಅದನ್ನೇ ಬರೆದ. ಅದರ ಮರುದಿನವೂ ಬರೆದ.

ಒಂದು ಸೋಮವಾರ ಬೆಳಿಗ್ಗೆ ಚಾಲಕ ನಿಲ್ದಾಣದಲ್ಲಿ ನಿಂತಿದ್ದ ಬಸ್ಸೊಂದನ್ನು ಹತ್ತಿ, ಅದನ್ನು ಜನರ ಮೇಲೆ ಹರಿಸಿದ. ಐವರು ಸತ್ತರು. ಅವರಲ್ಲಿ ಯಾರೂ ಅವನ ಮೇಲೆ ದೂರು ಕೊಟ್ಟವರಲ್ಲ. ಒಬ್ಬಾಕೆ ಮಗುವಿನ ಜ್ವರಕ್ಕೆ ಔಷಧಿ ಕೊಂಡು ಆಗಷ್ಟೇ ವ್ಯಾಪಾರಿಯ ಅಂಗಡಿಯಿಂದ ಹೋಗಿದ್ದಳು.

ವ್ಯಾಪಾರಿ ಬ್ಯಾಂಡೇಜು, ಹತ್ತಿ ಹಿಡಿದು ಓಡಿದ. ಒಯ್ದದ್ದು ಎಲ್ಲಿಗೂ ಸಾಲಲಿಲ್ಲ. ಜನ ಚಾಲಕನನ್ನು ಹಿಡಿದು ಕಂಬಕ್ಕೆ ಕಟ್ಟಿದ್ದರು. ಅವನ ಹಣೆಯೂ ಒಡೆದಿತ್ತು. ಮೊಬೈಲಿನಲ್ಲಿ ದಿನವೂ ನೋಡಿದ ಮುಖವದು. ವ್ಯಾಪಾರಿ ಅವನ ರಕ್ತ ಒರೆಸಿದ.

"ಯಾಕಪ್ಪಾ ಹೀಗೆ ಮಾಡಿದೆ?"

"ನನ್ನನ್ನು ನಂಬಿದವರು ಒಬ್ಬರಿದ್ದರು ಸ್ವಾಮಿ," ಎಂದ ಚಾಲಕ. "ಅವರಾದರೂ ಮೆಚ್ಚುತ್ತಾರೆ ಅಂದುಕೊಂಡೆ."

ವ್ಯಾಪಾರಿ ಮೂರು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಪೊಲೀಸ್ ಠಾಣೆಗೆ ಹೋಗಿ, ಮೊಬೈಲನ್ನು ಮೇಜಿನ ಮೇಲಿಟ್ಟು, ತಾನು ಬರೆದದ್ದನ್ನೆಲ್ಲ ತಾನೇ ಓದಿ ಹೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಂಗಮೇಶ ತಡೆಯಲಾರದೆ ಕೇಳಿದ: "ಅವನಿಗೆ ಏನು ಶಿಕ್ಷೆಯಾಯಿತು?"

ಗುರುಗಳು ಹೇಳಿದರು: "'ನೀವೇನೂ ಮಾಡಿಲ್ಲ, ಮನೆಗೆ ಹೋಗಿ' ಎಂದು ಕಳಿಸಿಬಿಟ್ಟರು."