ಜೀಪು ಮಾಡಿದ ದಾಖಲೆ

ದಿನವಿಡೀ ಹಿಮದ ಮೇಲೆ ಜಾರಿ ದಣಿದು, ವಸತಿಗೃಹಕ್ಕೆ ಮರಳಿದ್ದ ಸ್ಕೀ ಹಲಗೆಗೆ ಯಜಮಾನನ ಕೈಯಲ್ಲಿದ್ದ ಜಿಪಿಎಸ್ ಗಡಿಯಾರ ಹೇಳಿತು: "ಭೇಷ್! ಇವತ್ತು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗ ಮುಟ್ಟಿದೆ ನೀನು."

ಹಲಗೆಗೆ ತಲೆಬುಡ ತಿಳಿಯಲಿಲ್ಲ. "ನಾನು ಹೆದರಿ ಹೆದರಿ ಜಾರಿದೆ. ಅಷ್ಟು ವೇಗ ಎಲ್ಲಿ ಬಂತು?"

"ವಾಪಸು ಬರುವ ಡಾಂಬರು ರಸ್ತೆಯಲ್ಲಿ."

"ಅಯ್ಯಾ, ಆಗ ನನ್ನನ್ನು ಜೀಪಿನ ಮೇಲೆ ಕಟ್ಟಿದ್ದರಲ್ಲ!"

"ವೇಗ ಅಳೆಯುವುದಷ್ಟೇ ನನ್ನ ಕೆಲಸ. ಯಾರು ಹೊತ್ತರು ಎಂದು ನಾನು ವಿಚಾರಿಸುವುದಿಲ್ಲ."

ಸುಳ್ಳು ಎನ್ನೋಣವೆಂದರೆ ಲೆಕ್ಕ ಸರಿಯಾಗಿದೆ. ನಿಜ ಎನ್ನೋಣವೆಂದರೆ ತಾನು ಅಷ್ಟು ವೇಗವಾಗಿ ಜಾರಿಯೇ ಇಲ್ಲ. ಹಲಗೆ ಹೀಗೆ ಗೊಂದಲಪಡುತ್ತಿರುವಾಗಲೇ ಯಜಮಾನ ಗಡಿಯಾರ ನೋಡಿ ಹಿಗ್ಗಿದ: "ಎಂಬತ್ತಾ! ನಾಳೆ ಇದನ್ನೂ ಮೀರಿಸಬೇಕು."

ಮರುದಿನ ಕಡಿದಾದ ಇಳಿಜಾರಿನ ತುದಿಯಲ್ಲಿ ಹಲಗೆ ಸುತ್ತಲೂ ನೋಡಿ, "ಜೀಪು ಎಲ್ಲಿ?" ಎಂದು ಕೇಳಿತು.

ಅಷ್ಟರಲ್ಲಿ ಯಜಮಾನ ಕೆಳಕ್ಕೆ ಜಿಗಿದಾಗಿತ್ತು.